ಟಿಬಿ ಅಲ್ಲವಂತೆ

ಮಗಳ ದನಿ ಕೆಟ್ಟಿದೆ ಎಂದು ಮೊದಲು ಗುರುತಿಸಿದವಳು ನನ್ನ ತಾಯಿ. ನಾನು ಔರಾದಿನಲ್ಲಿ ಶಾಲಾ ಮಾಸ್ತರ. ಹುಣ್ಣಿಮೆಗೆ ಭಾಲ್ಕಿ ತಾಲ್ಲೂಕಿನ ಮೆಹಕರಕ್ಕೆ, ತಂದೆ-ತಾಯಿ ಇರುವ ಮನೆಗೆ ಹೋಗುತ್ತಿದ್ದೆವು. ಸಂಜೆ ಓಣಿಯವರೆಲ್ಲ ಬುದ್ಧನ ಫೋಟೋ ಮುಂದೆ ಕೂತರೆ ತ್ರಿಶರಣ ಹೇಳಿಕೊಡುತ್ತಿದ್ದವಳು ಆರನೇ ತರಗತಿಯ ಈ ಹುಡುಗಿಯೇ. ಅವಳು ಒಂದು ಸಾಲು ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ಒಂದು ಹುಣ್ಣಿಮೆಯ ಸಂಜೆ ಅವಳ ದನಿ ಮೂಗಿನೊಳಗೇ ಸಿಕ್ಕಿಕೊಂಡಿತ್ತು.

"ನೆಗಡಿ ಅಲ್ಲ ಇದು. ಕೂಸಿಗಿ ಎಲ್ಯಾರ ತೋರ್ಸೋ," ಎಂದಳು ತಾಯಿ.

ತೋರಿಸಿದೆವು. ಅಲರ್ಜಿ ಎಂದು ಗುಳಿಗೆ ಕೊಟ್ಟರು, ಮೂಗಿಗೆ ಹನಿ ಕೊಟ್ಟರು. ಆಗಾಗ ಮೂಗಿನಿಂದ ರಕ್ತ ಬಂದರೆ ಬಿಸಿಲು ಎಂದರು. ನಮ್ಮ ಬೀದರಿನ ಬಿಸಿಲಿನ ಮೇಲೆ ಏನು ಹೊರಿಸಿದರೂ ಜನ ನಂಬುತ್ತಾರೆ. ಒಂದು ಕಿವಿ ಮಂದವಾಯಿತು. ಆಮೇಲೆ ಆ ಕಿವಿಯ ಕೆಳಗೆ, ಕುತ್ತಿಗೆಯಲ್ಲಿ, ನೋವಿಲ್ಲದ ಗಂಟೊಂದು ಎದ್ದಿತು. ನಮ್ಮ ಕಡೆ ಮಕ್ಕಳ ಕುತ್ತಿಗೆಯಲ್ಲಿ ಗಂಟು ಕಂಡರೆ ಟಿಬಿ ಎಂದೇ ಲೆಕ್ಕ. ಸೂಜಿ ಹಾಕಿ ನೋಡಿದ್ದರಲ್ಲಿ ಏನೂ ಸ್ಪಷ್ಟವಾಗಲಿಲ್ಲ, ಆದರೂ ಟಿಬಿ ಔಷಧ ಶುರುವಾಯಿತು.

ಟಿಬಿ ಎಂಬ ಶಬ್ದ ಮೆಹಕರದ ಮನೆಯೊಳಗೆ ಬಂದದ್ದೇ ತಡ, ಮಗಳ ಗಂಗಾಳ ಮತ್ತು ಲೋಟ ಬೇರೆಯಾದವು. ಗಂಟಿನ ಟಿಬಿ ಒಬ್ಬರಿಂದ ಒಬ್ಬರಿಗೆ ಹತ್ತುವುದಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಯಾರು ಕೇಳುತ್ತಾರೆ? ಊರ ಬಾವಿ ಮುಟ್ಟಗೊಡದ ಕಾಲವನ್ನು ಕಣ್ಣಾರೆ ಕಂಡವರು ನನ್ನ ತಂದೆ. ಅವರೇ ಮೊಮ್ಮಗಳ ಲೋಟಕ್ಕೆ ಮೇಲಿಂದ ನೀರು ಹೊಯ್ಯುವುದನ್ನು ನೋಡಿ ಮೈ ಉರಿದುಹೋಯಿತು. ಹುಡುಗಿ ಮಾತ್ರ ಏನೂ ಅನ್ನದೆ ತನ್ನ ಗಂಗಾಳ ತಾನೇ ತೊಳೆದಿಡುತ್ತಿದ್ದಳು.

ತಿಂಗಳುಗಟ್ಟಲೆ ಔಷಧ ನುಂಗಿದರೂ ಗಂಟು ಕರಗಲಿಲ್ಲ, ಇನ್ನೊಂದು ಬದಿಗೂ ಎದ್ದಿತು. ಕೊನೆಗೆ ಬೀದರಿನ ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದರು. ಮೂಗಿನ ಹಿಂದೆ, ಗಂಟಲು ಶುರುವಾಗುವ ಜಾಗದಲ್ಲಿ ಏನೋ ಬೆಳೆದಿತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅವರ ಫೋನು ಬಂದಾಗ ನಾವೆಲ್ಲ ಮೆಹಕರದಲ್ಲಿದ್ದೆವು.

"ಸರ್, ರಿಪೋರ್ಟ್ ಬಂದದರಿ. ಟಿಬಿ ಅಲ್ರಿ ಇದು. ನಾಳಿಗಿ ನೀವಿಬ್ರೂ ಬರ್ರಿ, ಕೂತು ಮಾತಾಡೋಣ."

ಕೊನೆಯ ಮಾತು ಯಾರ ತಲೆಗೂ ಹೋಗಲಿಲ್ಲ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಂದೆ ಭಾಲ್ಕಿಗೆ ಹೋಗಿ ಪೇಡಾ ತಂದು ಓಣಿಗೆಲ್ಲ ಹಂಚಿದರು. ಪ್ರತಿ ಬಾಗಿಲಲ್ಲೂ ನಿಂತು, "ನಮ್ಮ ಕೂಸಿಗಿ ಟಿಬಿ ಇಲ್ಲಂತರಿ," ಎಂದರು. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಮ್ಮ ಗಂಗಾಳದಲ್ಲೇ ಉಣಿಸಿದರು. ಅವಳೂ ನಕ್ಕಳು, ನಾವೂ ನಕ್ಕೆವು. ಕ್ಯಾನ್ಸರಿಗೆ ಸಿಹಿ ಹಂಚಿದ ಮನೆ ಇಡೀ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು.

ಮರುದಿನ ಡಾಕ್ಟರು ನನ್ನನ್ನೂ ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದರು: "ಮಕ್ಕಳಿಗಿ ಇದು ಬರೋದು ಭಾಳ ಅಪರೂಪರಿ. ಆಪರೇಷನ್ನಿಂದ ಆಗೋದಲ್ಲ. ಔಷಧಕ್ಕ, ಕರೆಂಟಿಗಿ ಬಗ್ಗತದ. ಲಗೂನ ಹಿಡಿದ್ರ ಎಷ್ಟೋ ಮಕ್ಕಳು ಆರಾಮ ಆಗ್ತಾರ."

ಲಗೂನ, ಅಂದರೆ ಬೇಗ, ಎನ್ನುವಾಗ ಅವರು ನಮ್ಮ ಮುಖ ನೋಡಲಿಲ್ಲ.

ಹೈದರಾಬಾದಿಗೆ ಹೋದೆವು. ಸಲೈನಿನಲ್ಲಿ ಔಷಧ ಹೋಯಿತು, ಕೂದಲು ಹೋಯಿತು. ಆಮೇಲೆ ಕರೆಂಟು, ಅಂದರೆ ವಿಕಿರಣ. ತಲೆ ಅಲುಗಬಾರದೆಂದು ಬಿಸಿ ಮಾಡಿದ ಪ್ಲಾಸ್ಟಿಕ್ ಜಾಳಿಗೆಯನ್ನು ಅವಳ ಮುಖದ ಅಚ್ಚಿಗೆ ಒಮ್ಮೆ ಒತ್ತಿ ಇಟ್ಟುಕೊಂಡಿದ್ದರು. ದಿನವೂ ಅದನ್ನು ಮುಖದ ಮೇಲಿಟ್ಟು ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಬರುತ್ತಿದ್ದರು. ಒಳಗೆ ಅವಳೊಬ್ಬಳೇ. ಬಾಯೆಲ್ಲ ಹುಣ್ಣಾಯಿತು, ಜೊಲ್ಲು ಬತ್ತಿತು. ಜೋಳದ ರೊಟ್ಟಿ ಬಿಟ್ಟು ಬೇರೇನೂ ಕೇಳದ ಹುಡುಗಿ ಅಂಬಲಿಯನ್ನೂ ಅಳುತ್ತಾ ನುಂಗಿದಳು. ಆದರೆ ಗಂಟು ಕರಗಿತು. ಕರಗಿತಲ್ಲ ಎಂದು ನಾನು ಮೂರ್ಖನ ಹಾಗೆ ಮುಂದಿನ ವರ್ಷದ ಸಮವಸ್ತ್ರ ಹೊಲಿಯಲು ಹಾಕಿದೆ.

ಬೇಸಿಗೆ ಬರುವ ಹೊತ್ತಿಗೆ ಬೆನ್ನು ನೋವು ಎನ್ನತೊಡಗಿದಳು. ಮತ್ತೆ ಹೈದರಾಬಾದು, ಮತ್ತೆ ಸ್ಕ್ಯಾನು. ಆ ಸಲ ಹೆಂಡತಿಗೆ ಜ್ವರ. ನಾನೊಬ್ಬನೇ ಮಗಳನ್ನು ಕರೆದೊಯ್ದಿದ್ದೆ. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು: ಬೇನೆ ಎಲುಬಿಗೆ ಇಳಿದಿದೆ, ಲಿವರಿಗೂ ಹೋಗಿದೆ, ಇನ್ನು ಉಳಿಸುವ ಔಷಧವಿಲ್ಲ. ನೋವಿಗೆ ಗುಳಿಗೆ ಕೊಡುತ್ತೇವೆ, ಮನೆಗೆ ಕರೆದೊಯ್ಯಿರಿ. ನನಗೆ ಯಾರ ಮೇಲೆ ಕೂಗಾಡಬೇಕೆಂದೂ ತಿಳಿಯಲಿಲ್ಲ. ತಲೆಯಾಡಿಸಿ ಎದ್ದು ಬಂದೆ.

ನಮ್ಮ ಜನ ದೊಡ್ಡ ಬೇನೆಯ ಹೆಸರನ್ನು ಬೇನೆ ಇದ್ದವರ ಮುಂದೆ ಆಡುವುದಿಲ್ಲ. ನಾನೂ ಬಸ್ಸಿನಲ್ಲಿ ಬಾಯಿ ಬಿಡಲಿಲ್ಲ. ಜಹೀರಾಬಾದ್ ದಾಟಿದ ಮೇಲೆ ಅವಳೇ ಕೇಳಿದಳು.

"ಪಪ್ಪಾ, ಖರೇ ಹೇಳು. ನಾ ಅವ್ವಗ ಹೇಳಲ್ಲ."

ಹೇಳಿದೆ. ಇಷ್ಟು ದಿನ ಅವಳಿಗೆ ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. ಅವಳು ಅಳಲಿಲ್ಲ. "ಭಾಳ ನೋವಾಗ್ತದೇನು?" ಎಂದು ಕೇಳಿದಳು. ಗುಳಿಗೆ ಇವೆ ಎಂದೆ. ಕಿಟಕಿ ಕಡೆ ಮುಖ ಮಾಡಿ ಕೂತವಳು ಬೀದರ್ ಬರುವ ತನಕ ತಿರುಗಲಿಲ್ಲ.

ಔರಾದಿನಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಏನಂದ್ರು ಎಂದು ನನ್ನನ್ನು ಕೇಳುವ ಮೊದಲೇ ಮಗಳು ಮುಂದೆ ಹೋದಳು.

"ಎಲ್ಲಾ ಆರಾಮ ಅದ ಅಂದ್ರವ್ವಾ. ಇನ್ನ ಔಷಧ ಬ್ಯಾಡ ಅಂತ."

ನನ್ನ ಹೆಂಡತಿ ಅವಳನ್ನು ಅಪ್ಪಿಕೊಂಡು ಅತ್ತಳು. ಎಷ್ಟೋ ತಿಂಗಳ ಮೇಲೆ ನನ್ನ ಹೆಂಡತಿ ಹೊಟ್ಟೆ ತುಂಬ ಉಂಡದ್ದು ಅವತ್ತೇ.