ಇದ್ರೀಸ್ ಮಾನಿಕ್ ಮತ್ತು ಕಳೆದುಹೋದ ಒಂದು ಗಂಟೆ

ಮಾಲ್ಡೀವ್ಸಿನ ಪ್ರವಾಸೋದ್ಯಮದ ಚರಿತ್ರೆ ಬರೆದವರು ದ್ವೀಪಗಳನ್ನು ಗುತ್ತಿಗೆ ಹಿಡಿದವರನ್ನೂ ನೀರಿನ ಮೇಲೆ ಕೋಣೆಗಳನ್ನು ಕಟ್ಟಿಸಿದವರನ್ನೂ ಮರೆಯದೆ ಸ್ಮರಿಸುತ್ತಾರೆ. ಆದರೆ ಬಂದ ಅತಿಥಿಯ ಕೈಹಿಡಿದು ಬೋಟಿನಿಂದ ಇಳಿಸಿಕೊಂಡವರ, ಹೊರಟ ಅತಿಥಿಯನ್ನು ವಿಮಾನದ ಬಾಗಿಲಿನವರೆಗೆ ಮುಟ್ಟಿಸಿ ಬಂದವರ ಹೆಸರು ಆ ಪುಟಗಳಲ್ಲಿ ಸಿಗುವುದು ಅಪರೂಪ. ಆ ಕೊರತೆಯನ್ನು ಈ ಅಭಿನಂದನ ಸಂಪುಟ ತುಂಬುತ್ತಿದೆ ಎಂಬ ಸಂಭ್ರಮಕ್ಕೆ ಬರೆಯುವ ನನ್ನ ಕೈ ನಿಲ್ಲುತ್ತಿಲ್ಲ. ನಲವತ್ತನಾಲ್ಕು ವರ್ಷ ನಮ್ಮ ರೆಸಾರ್ಟಿನ ಬೋಟುಗಳನ್ನು ನಡೆಸಿ, ಅದರಲ್ಲಿ ಇಪ್ಪತ್ತಾರು ವರ್ಷ ಜೆಟ್ಟಿಯ ಮುಖ್ಯಸ್ಥರಾಗಿದ್ದು, ಈ ತಿಂಗಳು ನಿವೃತ್ತರಾಗುತ್ತಿರುವ ಕಪ್ತಾನ ಇದ್ರೀಸ್ ಮಾನಿಕ್ ಅವರನ್ನು ನಾವೆಲ್ಲ ಬೇಬೆ ಎಂದು, ಅಂದರೆ ಅಣ್ಣ ಎಂದು, ಕರೆಯುತ್ತೇವೆ. ನಮ್ಮ ಮ್ಯಾನೇಜರು ಸ್ವಿಟ್ಜರ್ಲೆಂಡಿನವರು, ಬೇಬೆಗಿಂತ ಮೂರು ವರ್ಷ ದೊಡ್ಡವರು. ಅವರೂ ಹಾಗೆಯೇ ಕರೆಯುತ್ತಾರೆ.

ಹದಿನೆಂಟನೆಯ ವಯಸ್ಸಿನಲ್ಲಿ ಬೇಬೆ ಸೇವೆಗೆ ಸೇರಿದಾಗ ಇಲ್ಲಿ ಜೆಟ್ಟಿಯೇ ಇರಲಿಲ್ಲ. ದೋಣಿ ಮೊಣಕಾಲುದ್ದದ ನೀರಿನಲ್ಲಿ ನಿಲ್ಲುತ್ತಿತ್ತು. ಪೆಟ್ಟಿಗೆಗಳು ಹುಡುಗರ ತಲೆಯ ಮೇಲೆ, ವಯಸ್ಸಾದ ಅತಿಥಿಗಳು ಅವರ ಬೆನ್ನ ಮೇಲೆ ದಡ ಸೇರುತ್ತಿದ್ದರು. ಒಬ್ಬ ದಢೂತಿ ಜರ್ಮನ್ ಮಹನೀಯರನ್ನು ಹೊತ್ತು ಬೇಬೆ ಮೂರು ದಿನ ಸೊಂಟ ಹಿಡಿದುಕೊಂಡು ಮಲಗಿದ್ದರಂತೆ. ಆ ಮಹನೀಯರು ಮರುವರ್ಷ ಹತ್ತು ಕಿಲೋ ಇಳಿಸಿ ಬಂದು, ಈಗ ಹೊತ್ತು ನೋಡು ಎಂದು ನಗುತ್ತ ಬೆನ್ನೇರಿದರಂತೆ. ಇದನ್ನು ಹೇಳುವಾಗ ಬೇಬೆ ಈಗಲೂ ಸೊಂಟ ಮುಟ್ಟಿಕೊಳ್ಳುತ್ತಾರೆ.

ಕಪ್ತಾನರಾದ ಮೇಲೆ ಅವರ ಬೋಟಿನ ಎಂಜಿನ್ನಿಗೆ ಒಂದು ವಿಚಿತ್ರ ಕಾಯಿಲೆ ಅಂಟಿಕೊಂಡಿತು: ಪ್ರತಿ ಶುಕ್ರವಾರ ಬೆಳಗ್ಗೆ ಅದಕ್ಕೆ ಪರೀಕ್ಷಾ ಓಟ ಬೇಕಾಗುತ್ತಿತ್ತು. ಆ ಓಟ ಸುತ್ತಲಿನ ಊರುಗಳಿಗೇ ಹೋಗಬೇಕು, ರಜೆ ಸಿಗದೆ ತಿಂಗಳುಗಟ್ಟಲೆ ಮನೆ ಕಾಣದ ಅಡುಗೆಯವರೂ ತೋಟದವರೂ ಅದರಲ್ಲೇ ಕೂತಿರಬೇಕು! ನಮಾಜು ಮುಗಿಸಿ, ಅಮ್ಮನ ಕೈಯ ರೊಟ್ಟಿ, ತೆಂಗಿನಕಾಯಿ ಕಲಸಿದ ಮೀನು ತಿಂದು ಅವರೆಲ್ಲ ಸಂಜೆಯ ಕೆಲಸಕ್ಕೆ ಹಾಜರಾಗುತ್ತಿದ್ದರು. ಹಿಂದಿನ ಮ್ಯಾನೇಜರೊಬ್ಬರು ಹೊಸ ಎಂಜಿನ್ನನ್ನೇ ತರಿಸಿಕೊಟ್ಟರು. ಅದಕ್ಕೂ ಎರಡೇ ವಾರದಲ್ಲಿ ಅದೇ ಕಾಯಿಲೆ ಬಂತು.

ನಾನು ಸೇರಿದ್ದು ಹದಿನಾರು ವರ್ಷಗಳ ಹಿಂದೆ. ನಮ್ಮೂರಿನಿಂದ ರೆಸಾರ್ಟಿನ ಕೆಲಸಕ್ಕೆ ಅದುವರೆಗೆ ಒಬ್ಬ ಹೆಣ್ಣುಮಗಳೂ ಹೋಗಿರಲಿಲ್ಲ. ಮೀನುಗಾರರಾದ ನನ್ನ ಅಪ್ಪ ಹಮ್ಜಾ ಒಪ್ಪಿದ್ದು ಬೇಬೆಯ ಮಾತಿಗೆ ಕಟ್ಟುಬಿದ್ದು. ಒಪ್ಪುವಾಗಲೂ ನನ್ನೆದುರೇ ಹೇಳಿದ್ದರು: “ಏನಾದ್ರೂ ಎಡವಟ್ಟಾಯ್ತು ಅಂತ ಕಿವಿಗೆ ಬಿದ್ರೆ ಮಾರನೇ ದಿನವೇ ಮನೆಗೆ ಕರ್ಕೊಂಡು ಬರ್ತೀನಿ. ಆಮೇಲೆ ಇನ್ಯಾವ ಹುಡುಗೀನೂ ಈ ಊರಿಂದ ಹೋಗಲ್ಲ, ನೆನಪಿಟ್ಕೋ.” ಆ ಮಾತನ್ನು ಹೊತ್ತುಕೊಂಡೇ ನಾನು ಜೆಟ್ಟಿಯ ಮೇಜಿನ ಹಿಂದೆ ಕುಳಿತೆ. ಎಡವಟ್ಟಾಗಲು ಹತ್ತೊಂಬತ್ತು ದಿನ ಸಾಕಾಯಿತು.

ನಮ್ಮ ರೆಸಾರ್ಟಿನ ಗಡಿಯಾರ ರಾಜಧಾನಿ ಮಾಲೆಯ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಅತಿಥಿಗಳಿಗೆ ಸಂಜೆಯ ಬಿಸಿಲು ಹೆಚ್ಚು ಸಿಗಲಿ ಎಂದು ಯಾರೋ ಮಾಡಿದ ಏರ್ಪಾಡು. ನಮ್ಮ ನಮಾಜು ಮಾಲೆಯ ಹೊತ್ತಿಗೆ, ಕೆಲಸ ರೆಸಾರ್ಟಿನ ಹೊತ್ತಿಗೆ. ಸಮುದ್ರವಿಮಾನದವರು ಮಾಲೆಯ ಹೊತ್ತನ್ನು ತಿಳಿಸುತ್ತಾರೆ, ನಾವು ಒಂದು ಗಂಟೆ ಸೇರಿಸಿ ಅತಿಥಿಗಳಿಗೆ ಹೇಳಬೇಕು. ಆ ದಿನ ಆಫೀಸಿನವರು ಆಗಲೇ ಸೇರಿಸಿ, ಚೀಟಿಯಲ್ಲಿ ನಾಲ್ಕು ಎಂದು ಬರೆದಿದ್ದರು. ನಾನು ಅತಿ ಜಾಣೆ, ಸೇರಿಸಿದ್ದಕ್ಕೆ ಮತ್ತೊಂದು ಸೇರಿಸಿ, ಊರಿಗೆ ಹೊರಟಿದ್ದ ಇಟಲಿಯ ಕುಟುಂಬವೊಂದರ ಆರು ಮಂದಿಗೆ ಐದು ಗಂಟೆ ಎಂದುಬಿಟ್ಟೆ.

ರೆಸಾರ್ಟಿನ ನಾಲ್ಕಕ್ಕೆ ಸರಿಯಾಗಿ ವಿಮಾನ ನೀರಿಗಿಳಿಯಿತು. ಆ ಆರು ಮಂದಿ ಕಡಲಿನಲ್ಲಿ ತಲೆ ಮುಳುಗಿಸಿ ಮೀನು ನೋಡುತ್ತಿದ್ದರು. ದಡದುದ್ದಕ್ಕೂ ಓಡಿದೆ, ಕಿರುಚಿದೆ. ನೀರಿನೊಳಗಿನ ಕಿವಿಗೆ ಏನು ಕೇಳಿಸೀತು? ಬೇರೆ ದ್ವೀಪಗಳ ಅತಿಥಿಗಳೂ ಇದ್ದ ವಿಮಾನ ಹತ್ತು ನಿಮಿಷ ಕಾದು ಹಾರಿಹೋಯಿತು. ಅದೇ ಆ ದಿನದ ಕಡೆಯ ವಿಮಾನ, ಕತ್ತಲಾದರೆ ಅವು ಹಾರುವುದಿಲ್ಲ. ಮಾಲೆಯ ಆರೂವರೆಯೊಳಗೆ ಆ ಕುಟುಂಬ ವಿಮಾನ ನಿಲ್ದಾಣ ಮುಟ್ಟದಿದ್ದರೆ ಇಟಲಿಯ ವಿಮಾನವೂ ತಪ್ಪುತ್ತಿತ್ತು, ನನ್ನ ಕೆಲಸವೂ ಹೋಗುತ್ತಿತ್ತು. ಆ ಹೊತ್ತಿಗೆ ಪಿಕ್ನಿಕ್ಕಿಗೆ ಹೋದವರನ್ನು ಕರೆದುಕೊಂಡು ಬೇಬೆ ಜೆಟ್ಟಿಗೆ ಬಂದರು.

“ಐದು ಅಂತ ಹೇಳಿದ್ದು ಯಾರು?”

“ನಾನೇ, ಬೇಬೆ.” ನನ್ನ ಕಣ್ಣೀರು ಕಟ್ಟೆಯೊಡೆಯಿತು.

“ಅಳೋದಾದ್ರೆ ಮಾಲೆಗೆ ಹೋಗಿ ಪುರುಸೊತ್ತಾಗಿ ಅಳು. ನಿಮ್ಮಪ್ಪನ ಜೊತೆ ಮೀನಿಗೆ ಹೋಗಿದೀಯಲ್ಲ, ನೀರಿನ ಬಣ್ಣ ನೋಡಿ ಹವಳ ಎಲ್ಲಿದೆ ಅಂತ ಹೇಳೋಕೆ ಬರುತ್ತಾ?”

“ಬರುತ್ತೆ.”

“ಹಂಗಾದ್ರೆ ಹತ್ತು, ಮುಂದೆ ನಿಂತ್ಕೋ. ತಪ್ಪು ಹೇಳಿದ್ರೆ ಎಲ್ಲರೂ ಈಜ್ಕೊಂಡು ಹೋಗ್ಬೇಕು, ಆ ಇಟಲಿ ಅಜ್ಜಿ ಸಮೇತ!”

ಹವಳದ ದಿಣ್ಣೆಗಳನ್ನು ಸುತ್ತಿಕೊಂಡು ಹೋದರೆ ಮೂರು ಗಂಟೆ, ನಡುವೆ ನುಸುಳಿದರೆ ಎರಡೂವರೆ. ನಾವು ಹೊರಟಾಗ ಮಾಲೆಯಲ್ಲಿ ಮೂರೂ ಮುಕ್ಕಾಲು. ಬೇಬೆ ಕಣ್ಣುಮುಚ್ಚಿ ಬಿಡುವುದರೊಳಗೆ ನುಸುಳುವ ದಾರಿಗೆ ಬೋಟು ತಿರುಗಿಸಿದರು. ಸೂರ್ಯ ಬೆನ್ನ ಹಿಂದಿದ್ದದ್ದು ನಮ್ಮ ಅದೃಷ್ಟ. ತಿಳಿಹಸಿರು ಕಂಡರೆ ಮರಳು, ಕಂದು ಕಂಡರೆ ಹವಳ, ಕಡುನೀಲಿ ಕಂಡರೆ ದಾರಿ. ಅಪ್ಪ ಆಡುತ್ತ ಆಡುತ್ತ ಕಲಿಸಿದ್ದೆಲ್ಲ ಬಾಯಿಗೆ ತಾನಾಗಿ ಬಂತು. “ಎಡಕ್ಕೆ ಬೇಬೆ! ಇನ್ನೂ ಎಡಕ್ಕೆ! ಈಗ ನೇರ!” ನಾನು ಕೂಗಿದ ಕೂಗಿಗೆ ಮರುಮಾತಿಲ್ಲದೆ ಚಕ್ರ ತಿರುಗುತ್ತಿತ್ತು. ಇಪ್ಪತ್ತೆಂಟು ವರ್ಷ ಈ ಕಡಲನ್ನು ಕುಡಿದ ಕಪ್ತಾನರು ಹತ್ತೊಂಬತ್ತು ದಿನದ ಹುಡುಗಿಯ ಮಾತಿಗೆ ಎಂಟು ಜೀವಗಳನ್ನು ಒಪ್ಪಿಸಿದ್ದರು! ಆ ಹೆಮ್ಮೆಯಲ್ಲಿ ಅಳು ಎಲ್ಲಿ ಹೋಯಿತೋ ತಿಳಿಯದು. ತೆರೆದ ಕಡಲಿಗೆ ಬಿದ್ದಾಗ ಅಲೆಗಳು ಬೋಟನ್ನು ಎತ್ತೆತ್ತಿ ಒಗೆದವು, ಅಜ್ಜಿ ಪ್ರತಿ ಅಲೆಗೂ ಎರಡೂ ಕೈ ಮೇಲೆತ್ತಿ ಕೇಕೆ ಹಾಕಿದರು. ವಿಮಾನ ನಿಲ್ದಾಣದ ಜೆಟ್ಟಿಗೆ ಹಗ್ಗ ಎಸೆದಾಗ ಆರು ಗಂಟೆ ಹದಿನೇಳು ನಿಮಿಷ. ತೊಯ್ದು ತೊಪ್ಪೆಯಾಗಿದ್ದ ಅಜ್ಜಿ ಬೇಬೆಯನ್ನು ಅಪ್ಪಿಕೊಂಡು, “ಇಷ್ಟು ದಿನ ಇದನ್ನ ಯಾಕೆ ಬಚ್ಚಿಟ್ಟಿದ್ರಿ?” ಎಂದು ಜಗಳಕ್ಕೇ ನಿಂತರು. ಅವರ ಪಾಲಿಗೆ ಅದೂ ರೆಸಾರ್ಟಿನವರು ಏರ್ಪಡಿಸಿದ ಒಂದು ಮೋಜು.

ಮಾರನೆಯ ದಿನ ಮ್ಯಾನೇಜರ ಕೋಣೆಯಲ್ಲಿ ಬೇಬೆ ನನ್ನನ್ನು ಬಚಾವು ಮಾಡಲು ಒಂದು ಸುಳ್ಳನ್ನೂ ಹೇಳಲಿಲ್ಲ. “ತಪ್ಪು ಇವಳದ್ದೇ. ಮೇಜಿನ ಕೆಲಸಕ್ಕೆ ಇವಳು ಲಾಯಕ್ಕಿಲ್ಲ, ಇವತ್ತೇ ತೆಗೀರಿ” ಎಂದರು. ಅವರು ಉಸಿರು ತೆಗೆದುಕೊಂಡು ಮುಂದುವರಿಸಿದರು: “ತೆಗೆದು ನನ್ನ ಬೋಟಿಗೆ ಕೊಡಿ. ಇಂಥ ಕಣ್ಣು ನನ್ನ ಹತ್ರ ಇರೋ ಹನ್ನೆರಡು ಗಂಡಸರಲ್ಲಿ ಒಬ್ಬನಿಗೂ ಇಲ್ಲ.”

ಆ ಶುಕ್ರವಾರ ಎಂಜಿನ್ನಿನ ಪರೀಕ್ಷೆ ನಮ್ಮೂರಿನ ಕಡೆಗೇ ನಡೆಯಿತು. ಯಾರಿಂದಲೋ ತಿಳಿಯುವ ಮೊದಲು ತಾವೇ ಹೇಳಬೇಕೆಂದು ಬೇಬೆ ಅಪ್ಪನೆದುರು ಕುಳಿತು ಎಡವಟ್ಟನ್ನೆಲ್ಲ ಬಿಚ್ಚಿಟ್ಟರು. ಅಪ್ಪ ಬಲೆಯ ಗಂಟು ಬಿಡಿಸುತ್ತ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಆ ದಾರೀಲಿ ಹವಳ ನೋಡಿ ಹೇಳಿದ್ದು ಇವಳೇನಾ?”

“ಇವಳೇ. ಒಂದು ಗೀರೂ ಬಿದ್ದಿಲ್ಲ, ಬೇಕಾದ್ರೆ ಬೋಟಿನ ತಳ ನೋಡ್ಬನ್ನಿ.”

ಅಪ್ಪ ನಿಜಕ್ಕೂ ಎದ್ದು ಹೋದರು, ಸೊಂಟದ ತನಕ ನೀರಿಗಿಳಿದು ತಳವನ್ನು ಕೈಯಿಂದ ಸವರಿ ಸವರಿ ನೋಡಿದರು. ಬಂದು ನನ್ನ ಕಡೆ ನೋಡದೆಯೇ, “ಹೊತ್ತಾಯ್ತು, ಬೋಟು ಹತ್ತು” ಎಂದರು.

ನಾಲ್ಕು ವರ್ಷ ಬೇಬೆಯ ಕೈಕೆಳಗೆ ಬೈಸಿಕೊಂಡು ಕಲಿತು ನಾನು ಕಪ್ತಾನಳಾದೆ. ಅವರ ಕೈಯಲ್ಲಿ ಪಳಗಿದ ಹೆಣ್ಣುಮಕ್ಕಳು ಏಳು ಮಂದಿ ಈಗ ಬೇರೆ ಬೇರೆ ದ್ವೀಪಗಳಲ್ಲಿ ಬೋಟು ನಡೆಸುತ್ತಿದ್ದಾರೆ. ನಿವೃತ್ತರಾಗಿ ಮನೆಯಲ್ಲಿ ಚಹಾ ಹೀರುತ್ತ ಕೂರುವ ಜೀವ ಅದಲ್ಲ. ತಮ್ಮ ಊರಿನಲ್ಲಿ ಹುಡುಗಿಯರಿಗೆ ಬೋಟು ಕಲಿಸುವ ಶಾಲೆ ತೆರೆಯುತ್ತೇನೆಂದು ಕಳೆದ ತಿಂಗಳೇ ಸಾರಿದ್ದಾರೆ. ಆ ಸುದ್ದಿ ಮುಟ್ಟಿದ ಮರುದಿನ ಬೆಳಗ್ಗೆ, ಇನ್ನೂ ಬಾಗಿಲೇ ಕೂರಿಸದ ಆ ಕಟ್ಟಡದೆದುರು ಒಂದು ಮೀನುದೋಣಿ ಬಂದು ನಿಂತಿತಂತೆ. ಇಳಿದವರು ನನ್ನ ಅಪ್ಪ, ಜೊತೆಯಲ್ಲಿ ನನ್ನ ಕಡೆಯ ತಂಗಿ.

“ಅಕ್ಕನಿಗಿಂತ ಇವಳ ಕಣ್ಣು ಚೂಪು. ಮೇಜಿನ ಹಿಂದೆ ಕೂರಿಸೀರಿ ಮತ್ತೆ!” ಎಂದರಂತೆ ಅಪ್ಪ.

ಬೇಬೆ, ಅಲ್ಲಾಹು ನಿಮಗೆ ತುಂಬು ಆಯುಸ್ಸನ್ನೂ ಗಟ್ಟಿಯಾದ ಸೊಂಟವನ್ನೂ ಕೊಡಲಿ. ನಮ್ಮ ದ್ವೀಪಗಳಲ್ಲಿ ಮಗಳನ್ನು ಕರೆದುಕೊಂಡು ನಿಮ್ಮ ಬಾಗಿಲಿಗೆ ಬರುವ ಅಪ್ಪಂದಿರು ಇರುವವರೆಗೆ ನಿಮಗೆ ನಿವೃತ್ತಿಯೆಂಬುದು ಸಿಗದೇ ಇರಲಿ.