ಹೆಪ್ಪು ಹಿಡಿಯದ ಹಾಲು

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ಬೈಲಹೊಂಗಲದ ಒಂದು ಖಾಸಗಿ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದೆ. ಊರಿನಲ್ಲಿ ನನಗೆ ಬಳಕೆ ಇದ್ದದ್ದು ನಾನು ಬಾಡಿಗೆಗಿದ್ದ ಮನೆಯವರದಷ್ಟೇ: ವಯಸ್ಸಾದ ಯಜಮಾನಿ ಮತ್ತು ರಾಮದುರ್ಗದಿಂದ ಬಂದ ಹೊಸ ಸೊಸೆ. ಮಗ ಲಾರಿ ಓಡಿಸುತ್ತಿದ್ದ, ಮನೆಯಲ್ಲಿ ಇರುತ್ತಿದ್ದುದು ಅಪರೂಪ. ಅವರ ಮನೆಯ ಮೊಸರು ದಿನವೂ ನನ್ನ ಕೋಣೆಗೆ ಬರುತ್ತಿತ್ತು. ಅದರ ಜೊತೆಗೆ ಒಂದೆರಡು ಮಾತೂ ಬರುತ್ತಿದ್ದವು.

ಒಂದು ವಾರ ಮೊಸರು ಬರಲಿಲ್ಲ. ಸೊಸೆ ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತಿತ್ತು. ನೆರೆಮನೆಯಿಂದ ಹೆಪ್ಪು ತಂದರೂ ಅಷ್ಟೇ.

“ಕೈಗುಣ ಬೇಕವ್ವಾ. ಈಕಿ ಗಡಿಗಿ ಮುಟ್ಟಿದ್ದ ತಡ, ಮಸರು ಮುನಿಸ್ಕೊಂಡೈತಿ,” ಎಂದು ಯಜಮಾನಿ ನೆರೆಯವಳಿಗೆ ಹೇಳುತ್ತಿದ್ದರು.

“ಎಮ್ಮಿಗೆ ಸೂಜಿ ಮಾಡಿಸಿದಾಗಿಂದ ಹಿಂಗ ಆಗಾಕ ಹತ್ತೇತ್ರಿ, ಅತ್ತಿ,” ಎಂದಳು ಸೊಸೆ.

“ಸೂಜಿ ಮಾಡಿದ್ದು ಎಮ್ಮಿಗೆ. ಗಡಿಗಿಗಲ್ಲ.”

ಒಂದು ಬೆಳಿಗ್ಗೆ ಅಂಗಳದಲ್ಲಿ ಸೊಸೆಯ ಟ್ರಂಕು ಇತ್ತು. ಮೊಸರಿನ ಮಾತು ಜಗಳಕ್ಕೆ ತಿರುಗಿತ್ತು; ತವರಿಗೆ ಕರೆದೊಯ್ಯಲು ಅವಳ ಅಣ್ಣ ಬಂದಿದ್ದ. ನಾನು ಸೂಜಿಯ ಬಗ್ಗೆ ಕೇಳಿದೆ. ಎಮ್ಮೆಗೆ ಕೆಚ್ಚಲು ಬಾವು ಬಂದಿತ್ತು ಎಂದರು ಯಜಮಾನಿ. ಆ ಹಾಲು ಬಳಸಬೇಡಿ ಎಂದು ಡಾಕ್ಟರು ಹೇಳಲಿಲ್ಲವೇ ಎಂದೆ.

“ಡೇರಿಗೆ ಹಾಕಬ್ಯಾಡ್ರಿ ಅಂದ್ರು. ಹಾಕಿಲ್ಲಲ್ಲ? ಮನ್ಯಾಗ ಉಣ್ಣಾಕ ಏನ್ ಧಾಡಿ?” ಎಂದರು ಅವರು.

ಒಂದು ಲೋಟ ಹಾಲು ಇಸಿದುಕೊಂಡು, ನಾನು ಬರುವ ತನಕ ತಡೆಯಿರಿ ಎಂದೆ.

“ನಾವು ತಡಿತೇವ್ರಿ. ಬಸ್ಸು ತಡೀಬೇಕಲ್ಲ?” ಎಂದ ಅಣ್ಣ.

ಹಾಲಿನಲ್ಲಿ ಔಷಧ ಉಳಿದಿದೆಯೇ ಎಂದು ಡೇರಿಯಲ್ಲಿ ನೋಡುವ ಪರೀಕ್ಷೆಯನ್ನು ಅವಸರಪಡಿಸಲಾಗುವುದಿಲ್ಲ. ನೇರಳೆ ಬಣ್ಣದ ನಳಿಗೆಯೊಳಗೆ ಜೀವಾಣುಗಳಿರುತ್ತವೆ. ಹಾಲು ಹನಿಸಿ ಗಂಟೆಗಟ್ಟಲೆ ಬೆಚ್ಚಗಿಟ್ಟರೆ ಅವು ಬೆಳೆದು ಬಣ್ಣ ಹಳದಿಯಾಗುತ್ತದೆ. ಹಾಲಿನಲ್ಲಿ ಔಷಧ ಉಳಿದಿದ್ದರೆ ಅವು ಬೆಳೆಯುವುದಿಲ್ಲ, ಬಣ್ಣವೂ ಬದಲಾಗುವುದಿಲ್ಲ. ಜೊತೆಗೆ ಒಳ್ಳೆಯ ಹಾಲಿನದೊಂದು ನಳಿಗೆ ಇಟ್ಟೆ. ಅದು ಹಳದಿಗೆ ತಿರುಗಿತು. ಮನೆಯ ಹಾಲಿನದು ನೇರಳೆಯಾಗಿಯೇ ಉಳಿಯಿತು. ಹೆಪ್ಪನ್ನು ಕೊಂದದ್ದು ಆ ಔಷಧವೇ.

ಮನೆಗೆ ಬಂದಾಗ ಅಂಗಳದಲ್ಲಿ ಟ್ರಂಕು ಇರಲಿಲ್ಲ. ನಾನು ತಂದ ಎರಡೂ ನಳಿಗೆಗಳನ್ನು ಯಜಮಾನಿ ಬೆಳಕಿಗೆ ಹಿಡಿದು ನೋಡಿದರು. ನನ್ನಿಂದ ಮತ್ತೊಮ್ಮೆ ಹೇಳಿಸಿ ಕೇಳಿದರು. ಮರುದಿನ ತಾವೇ ರಾಮದುರ್ಗದ ಬಸ್ಸು ಹತ್ತಿದರು.

ಸಂಜೆ ಒಬ್ಬರೇ ಬಂದರು.

“ಏನಂದ್ಳ್ರಿ, ಅವ್ವಾರ?” ಎಂದೆ.

“ನಾ ಹೇಳಿದ್ರ ನಂಬಲಿಲ್ಲ, ಆ ನಳಿಗಿ ಹೇಳಿದ ಮ್ಯಾಲ ಬಂದೀರೇನ್ರಿ ಅತ್ತಿ, ಅಂದ್ಳು. ಚಾ ಕೊಟ್ಲು. ಬರ್ತೇನಿ ಅನ್ನಲಿಲ್ಲ, ತಮ್ಮಾ.”

ಕೊಟ್ಟಿಗೆಯಲ್ಲಿ ಎಮ್ಮೆ ಒದರುತ್ತಿತ್ತು. ಅವರು ಸೆರಗು ಬಿಗಿದುಕೊಂಡು ಹಿಂಡಲು ಕುಳಿತರು. ತಂಬಿಗೆ ತುಂಬಿದ ಮೇಲೆ, ಇದನ್ನೇನು ಮಾಡಲಿ ಎಂದು ನನ್ನ ಕಡೆ ನೋಡದೆ ಕೇಳಿದರು. ಚೆಲ್ಲಬೇಕು ಎಂದೆ.