ವಳಕಮದಿನ್ನಿಯ ಹೆಬ್ಬಾತಿಗೆ ದಾರಿ ಹುಡುಕಿದ ಮೆಹರಬಾನು

ಬೆಳಗಿನ ಐದು ಗಂಟೆ. ಸಿಂಧನೂರಿನ ನಿಲ್ದಾಣದಲ್ಲಿ ಮಸ್ಕಿ ಕಡೆಯ ಮೊದಲ ಬಸ್ಸು ಇನ್ನೂ ಕೆಮ್ಮುತ್ತಿದೆ. ಎದುರಿನ ಎಸ್‌ಟಿಡಿ ಬೂತಿನ ಹಿಂದಿನ ಕೋಣೆಯಲ್ಲಿ ಮೆಹರಬಾನು ಕಂಪ್ಯೂಟರಿಗೆ ಫೋನಿನ ತಂತಿ ಸಿಕ್ಕಿಸಿ ಕಿವಿಗೊಟ್ಟು ಕೂತಿದ್ದಾಳೆ. ಮೋಡೆಮ್ ಕಿರುಗುಟ್ಟಿ, ಗೊರಗೊರ ಅಂದು, ಸುಮ್ಮನಾಗುತ್ತದೆ. ‘ಹತ್ತಿತು ನೋಡ್ರಿ’ ಎಂದು ನಗುತ್ತಾಳೆ. ಈ ಹೊತ್ತಿನಲ್ಲಿ ಲೈನು ಖಾಲಿ, ದರವೂ ಕಡಿಮೆ. ಊರು ಎದ್ದು ಫೋನು ಹಿಡಿಯುವುದರೊಳಗೆ ಆಕೆ ಜಗತ್ತನ್ನು ಒಂದು ಸುತ್ತು ಹಾಕಿ ಬಂದಿರಬೇಕು.

ತಂದೆ ಅಲ್ಲಾಭಕ್ಷ್ ಇಲ್ಲೇ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ಮಗಳು ಟೈಪ್‌ರೈಟರುಗಳನ್ನು ಮಾರಿ ಈ ಯಂತ್ರ ತಂದಾಗ ಮನೆಮಂದಿ ಹೌಹಾರಿದ್ದರು. ಈಗ ಲಿಂಗಸುಗೂರಿನ ಕಾಲೇಜು ಮೇಷ್ಟ್ರು ಕುರಿರೋಗದ ಸಂಶೋಧನೆ ಬೇಕೆಂದು ಬರುತ್ತಾರೆ. ಮಸ್ಕಿಯವರು ಹತ್ತಿಬೀಜದ ವಿಚಾರ ಕೇಳುತ್ತಾರೆ. ಸಿಕ್ಕ ಮೇಲೆ ಎಲ್ಲರದೂ ಒಂದೇ ಮಾತು: ‘ಇಂಟರ್ನೆಟ್ಟಿನಾಗ ಸಿಕ್ತು.’ ಅದೇನು ರಸ್ತೆಯಲ್ಲಿ ಬಿದ್ದಿತ್ತೇ? ಹುಡುಕಿದವಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಆಲ್ಟಾವಿಸ್ಟಾ, ಯಾಹೂ, ಲೈಕಾಸ್ ಎಂಬ ಮೂರು ಹುಡುಕುತಾಣಗಳಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಆಕೆಯ ರೂಢಿ. ‘ಹೆಣ್ಣು ನೋಡಾಕ ಹೋದಾಗ ಒಂದ ಮನಿ ಕೇಳಿ ಬರ್ತೀವೇನ್ರೀ? ಓಣ್ಯಾಗ ಮೂರು ಮನಿ ಕೇಳ್ತೀವಿ. ಇದೂ ಹಂಗ. ಬರದಾವ್ರು ಕಣ್ಣಿಲೆ ಕಂಡು ಬರದಾರೋ, ಸುಮ್ನ ಕೇಳಿ ಬರದಾರೋ, ಮೊದ್ಲ ಅದನ್ನ ನೋಡ್ತೀನಿ.’

ಈ ವರ್ಷ ಬಿಸಿಲೇರುವ ಹೊತ್ತಿಗೆ ವಳಕಮದಿನ್ನಿಯ ಕುರಿಗಾಹಿ ಹೊನ್ನೂರಪ್ಪ ಬಂದ. ಚಳಿಗಾಲದಲ್ಲಿ ಕಾಲುವೆ ಗದ್ದೆಗಿಳಿಯುವ ಹೆಬ್ಬಾತುಗಳಲ್ಲಿ ಒಂದು ರೆಕ್ಕೆ ಮುರಿದು ಬಿದ್ದಿತ್ತು. ಅವನೇ ಮನೆಗೆ ತಂದು ಆರೈಕೆ ಮಾಡಿದ್ದ. ಈಗ ರೆಕ್ಕೆ ಕೂಡಿದೆ.

‘ಯವ್ವಾ, ಅದರ ಮಂದಿ ಹೊಂಟು ನಿಂತಾರ. ಬಿಟ್ಟು, ಹಾರಾಕ ಆಗ್ಲಿಲ್ಲಂದ್ರ ನಾಯಿ ಹರೀತಾವ. ಇಟಗೊಂಡ್ರ ಒಂಟಿ ಆಕ್ಕೈತಿ. ನಾ ಯಾರನ್ನ ಕೇಳ್ಲಿ?’ ಅವನ ಕಣ್ಣು ತುಂಬಿತ್ತು.

ಮೊದಲ ಹುಡುಕಾಟದಲ್ಲಿ ಬಂದದ್ದು ಹೆಬ್ಬಾತಿನ ಅಡುಗೆ. ಮೆಹರಬಾನು ತಟ್ಟನೆ ಪರದೆಗೆ ಕೈ ಅಡ್ಡ ಹಿಡಿದಳು. ಪ್ರಶ್ನೆ ತಿದ್ದಿ ಕೇಳಿದಾಗ ಇನ್ನೊಂದು ತಾಣ, ಮುರಿದ ರೆಕ್ಕೆಯ ಹಕ್ಕಿಯನ್ನು ಎಂದೂ ಬಿಡಬಾರದು ಎನ್ನುವ ಪುಟ ತೋರಿಸಿತು. ಬರೆದವನು ಬಾತು ಸಾಕಿ ಮಾರುವವನು. ಮೂರನೆಯದರಲ್ಲಿ ಸಿಕ್ಕ ಪುಟ ಎಳೆ ಎಳೆಯಾಗಿ ಇಳಿಯಿತು: ಮೊದಲು ಹಿಮ, ಆಮೇಲೆ ನೀಲಿ ಸರೋವರ, ಅದರ ದಂಡೆಯ ಮೇಲೆ ಎರಡು ಕಪ್ಪು ಪಟ್ಟೆಯ ಬಿಳಿ ತಲೆಯ ಹೆಬ್ಬಾತುಗಳು. ‘ಇಲ್ಲಿಂದ ಬಂದು ನಮ್ಮ ಗದ್ದ್ಯಾಗ ಕಾಳು ತಿಂದಾವೇನವ್ವಾ!’ ಎಂದು ಹೊನ್ನೂರಪ್ಪ ಪರದೆಯನ್ನು ಮೆಲ್ಲಗೆ ಮುಟ್ಟಿದ.

ಆ ಸರೋವರದ ದಂಡೆಯಲ್ಲಿ ವರ್ಷಗಟ್ಟಲೆ ಕೂತು ಹಕ್ಕಿ ನೋಡಿದ ಸಂಶೋಧಕನಿಗೆ ಆಕೆ ಮೇಲ್ ಬರೆದಳು. ಉತ್ತರ ಬಂತು: ಎರಡೂ ರೆಕ್ಕೆ ಸಮನಾಗಿ ಬಡಿಯುವುದಾದರೆ ಗುಂಪು ಹೊರಡುವ ಮುನ್ನವೇ ಬಿಡಿ, ಒಂಟಿಯಾಗಿ ಅದು ದಾರಿ ಕಾಣದು. ಬಾತು ಮಾರುವವನು, ಈ ಸಂಶೋಧಕ, ಇಬ್ಬರಲ್ಲಿ ಮೆಹರಬಾನು ಕಣ್ಣಾರೆ ಕಂಡು ಬರೆದ ಇವನನ್ನು ನಂಬಿದಳು.

ಹೆಬ್ಬಾತುಗಳು ರಾತ್ರಿ ತಂಗುವ ದಢೇಸುಗೂರಿನ ಹೊಳೆದಂಡೆ, ಮಂಜು ಕವಿದ ಮುಂಜಾನೆ. ಹೊನ್ನೂರಪ್ಪ ಬಿಟ್ಟ ಹಕ್ಕಿ ನಾಲ್ಕು ಮಾರು ಹಾರಿ ಮುಗ್ಗರಿಸಿತು. ‘ನನ್ನ ಮಾತು ಕೇಳಿ ಬಿಟ್ಟಾನಲ್ಲಾ ಅಂತ ಎದಿ ಧಸಕ್ ಅಂತ್ರೀ’ ಎನ್ನುತ್ತಾಳೆ ಮೆಹರಬಾನು. ಆಗ ಮಂಜಿನೊಳಗಿನಿಂದ ಗುಂಪು ಕೂಗಿತು. ಇದು ಕತ್ತೆತ್ತಿ ಓಗೊಟ್ಟಿತು, ಎದ್ದಿತು, ಆ ಬಿಳುಪಿನಲ್ಲಿ ಸೇರಿಹೋಯಿತು. ಎರಡು ದಿನದಲ್ಲಿ ಹೆಬ್ಬಾತುಗಳೆಲ್ಲ ಹೊರಟುಹೋಗಿ ಹೊಳೆ ಬರಿದಾಯಿತು.

ಇನ್ನೊಂದು ಲೈನು, ಹೊಸ ಕಂಪ್ಯೂಟರು, ಏನು ಬೇಕು ಎಂದು ಕೇಳಿದರೆ ಮೆಹರಬಾನು ತಲೆಯಾಡಿಸುತ್ತಾಳೆ.

‘ಅದು ಮುಟ್ಟೈತೋ ಇಲ್ಲೋ, ಎಲ್ಲಿ ಹುಡುಕಿದ್ರೂ ಸಿಗಂಗಿಲ್ರೀ. ಚಳಿ ಬೀಳ್ಲಿ, ಅವು ಬರ್ಲಿ. ಅವತ್ತೊಂದಿನ ಬಾಗಿಲು ಹಾಕಿ ವಳಕಮದಿನ್ನಿ ಗದ್ದಿ ಬದುವಿನ ಮ್ಯಾಲ ಕುಂದರ್ತೀನಿ. ಹೊನ್ನೂರಪ್ಪ ಕಾಕಾ ಬಾಜೂಕ ಇರ್ತಾನ. ಅಷ್ಟು ಕುರ್ಯಾಗ ತನ್ನ ಮರಿ ಗುರ್ತು ಹಿಡಿಯಾವ, ಅದನ್ನ ಹಿಡಿಯಂಗಿಲ್ಲೇನು?’